ಕುದುರೆ ಕವಚದ ಲೆಕ್ಕ

ಗೈದರ್ಸ್‌ಬರ್ಗ್‌ನ ನಮ್ಮ ಮನೆಯಿಂದ 270ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ರಾಕ್‌ವಿಲ್ ಸಿಗುತ್ತದೆ. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ವಿಡಿಯೋ ಗೇಮ್ ಕಂಪನಿ ಇರುವುದು ಅಲ್ಲಿ. ಪಕ್ಕದ ಪೊಟೋಮ್ಯಾಕ್‌ನಲ್ಲಿ, 1991ರಲ್ಲಿ, ಟಿಮ್ ಸ್ವೀನಿ ಎಂಬ ಕಾಲೇಜು ಹುಡುಗ ಅಪ್ಪ ಅಮ್ಮನ ಮನೆಯಲ್ಲೇ ಒಂದು ಪುಟ್ಟ ಕಂಪನಿ ತೆರೆದು, ತಾನೇ ಬರೆದ ಆಟವನ್ನು ಅಂಚೆಯ ಮೂಲಕ ಮಾರತೊಡಗಿದ. ಆ ಕಂಪನಿಯೇ ಎಪಿಕ್ ಗೇಮ್ಸ್. 1999ರಲ್ಲಿ ಅದು ಉತ್ತರ ಕೆರೊಲಿನಾದ ಕ್ಯಾರಿಗೆ ಹೋಗಿ ನೆಲೆಸಿತು.

2024ರ ಮೇ ತಿಂಗಳಲ್ಲಿ ಈ ಎರಡು ಕಂಪನಿಗಳ ಪದಾರ್ಥಗಳು ಒಂದೇ ಅಂಗಡಿಗೆ ಬಂದವು. ಎಪಿಕ್‌ನ ಫೋರ್ಟ್‌ನೈಟ್ ಆಟದ ಬ್ಯಾಟಲ್ ಪಾಸ್‌ನಲ್ಲಿ, ಬೆಥೆಸ್ಡಾದ ಫಾಲ್‌ಔಟ್ ಆಟಗಳಲ್ಲಿ ಬರುವ ಟಿ-60 ಎಂಬ ಉಕ್ಕಿನ ಕವಚ ವೇಷವಾಗಿ ಕಾಣಿಸಿಕೊಂಡಿತು. ಅದರ ಹಿಂದಿನ ತಿಂಗಳಷ್ಟೇ ಫಾಲ್‌ಔಟ್ ಟಿವಿ ಸರಣಿ ಬಂದು ಹೆಸರು ಮಾಡಿತ್ತು. ಫಾಲ್‌ಔಟ್‌ನಲ್ಲಿ ಈ ಕವಚ ತೊಟ್ಟವನಿಗೆ ಗುಂಡಿನಿಂದ ರಕ್ಷಣೆ ಉಂಟು. ಫೋರ್ಟ್‌ನೈಟ್‌ನಲ್ಲಿ ಅದನ್ನು ತೊಟ್ಟವನೂ ತೊಡದವನೂ ಒಂದೇ ಗುಂಡಿಗೆ ಒಂದೇ ಥರ ಬೀಳುತ್ತಾರೆ. ಅಲ್ಲಿ ಅದು ನೋಟಕ್ಕೆ ಮಾತ್ರ. ಲೆಕ್ಕಪರಿಶೋಧಕನಾದ ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ. ಉಪಯೋಗವೇ ಇಲ್ಲದ ವಸ್ತುವಿಗೆ ಬೆಲೆ ಬಂದದ್ದು ಹೇಗೆ?

ಇದರ ಜಾಡು ಹಿಡಿದು ಹೋದರೆ ಮತ್ತೆ ರಾಕ್‌ವಿಲ್‌ಗೇ ಬರುತ್ತೇವೆ. 2006ರ ಮಾರ್ಚ್‌ನಲ್ಲಿ ಬೆಥೆಸ್ಡಾ 'ಆಬ್ಲಿವಿಯನ್' ಎಂಬ ಆಟ ಬಿಡುಗಡೆ ಮಾಡಿತು. ಏಪ್ರಿಲ್‌ನಲ್ಲಿ ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಜನ ನಕ್ಕರು, ಬೈದರು, ಬೈಯುತ್ತಲೇ ಕೊಂಡರು. 'ಕುದುರೆ ಕವಚ' ಎಂಬುದು ದುಂದುವೆಚ್ಚಕ್ಕೆ ಗಾದೆಮಾತೇ ಆಗಿಹೋಯಿತು. ಮೂರು ವರ್ಷದ ಮೇಲೆ, ಏಪ್ರಿಲ್ ಮೂರ್ಖರ ದಿನದ ತಮಾಷೆಗೆಂದು, ಕಂಪನಿಯೇ ಬೇರೆಲ್ಲದರ ಬೆಲೆ ಇಳಿಸಿ ಕವಚದ ಬೆಲೆಯನ್ನು ಮಾತ್ರ ಇಮ್ಮಡಿ ಮಾಡಿತು.

ಜನ ನಕ್ಕಿದ್ದೇಕೆ ಎಂಬುದು ನನಗೆ ಹೊಳೆದದ್ದು ತಡವಾಗಿ. ಆಬ್ಲಿವಿಯನ್ ಒಬ್ಬರೇ ಆಡುವ ಆಟ. ಕುದುರೆಗೆ ಚಿನ್ನದ ಕವಚವನ್ನೇ ತೊಡಿಸಿದರೂ ನೋಡುವವರು ಯಾರು?

ದಾವಣಗೆರೆಯ ನಮ್ಮ ಬೀದಿಗೆ ನಾನು ಹುಡುಗನಾಗಿದ್ದಾಗ ಹಗಲುವೇಷದವರು ಬರುತ್ತಿದ್ದರು. ಇವತ್ತು ರಾಮ, ನಾಳೆ ಭೀಮ, ನಾಡಿದ್ದು ಇನ್ಯಾರೋ. ಮನೆಮನೆಯ ಮುಂದೆ ನಿಂತು ಹಾಡಿ, ಜೋಳವನ್ನೋ ಚಿಲ್ಲರೆಯನ್ನೋ ಪಡೆದು ಹೋಗುತ್ತಿದ್ದರು. ಖಾಲಿ ಬೀದಿಯಲ್ಲಿ ಅವರು ಬಣ್ಣ ಹಚ್ಚಿದ್ದನ್ನು ನಾನು ಕಂಡಿಲ್ಲ. ವೇಷದ ಬೆಲೆ ಇರುವುದು ನೋಡುವವರ ಕಣ್ಣಿನಲ್ಲಿ.

ವಿಡಿಯೋ ಗೇಮ್ ವ್ಯಾಪಾರಕ್ಕೂ ಈ ಗುಟ್ಟು ತಿಳಿಯಿತು. 2009ರಲ್ಲಿ ವಾಲ್ವ್ ಕಂಪನಿ, ಹಲವರು ಸೇರಿ ಆಡುವ 'ಟೀಮ್ ಫೋರ್ಟ್ರೆಸ್ 2' ಆಟಕ್ಕೆ ಟೋಪಿಗಳನ್ನು ತಂದಿತು. ಮರುವರ್ಷ ಅದರೊಳಗೇ ಅಂಗಡಿ ತೆರೆಯಿತು, 2011ರಲ್ಲಿ ಆಟವನ್ನೇ ಪುಕ್ಕಟೆ ಮಾಡಿತು. 2017ರ ಸೆಪ್ಟೆಂಬರ್‌ನಲ್ಲಿ ಬಂದ ಫೋರ್ಟ್‌ನೈಟ್ ಬ್ಯಾಟಲ್ ರಾಯಲ್ ಕೂಡ ಪುಕ್ಕಟೆಯೇ. ಒಂದು ಪಂದ್ಯಕ್ಕೆ ನೂರು ಜನ, ಅಂದರೆ ನಿಮ್ಮ ವೇಷಕ್ಕೆ ತೊಂಬತ್ತೊಂಬತ್ತು ಪ್ರೇಕ್ಷಕರು. 2018 ಮತ್ತು 2019, ಈ ಎರಡೇ ವರ್ಷದಲ್ಲಿ ಈ ಆಟದ ಆದಾಯ 900 ಕೋಟಿ ಡಾಲರ್ ದಾಟಿತ್ತೆಂಬುದು ಆಪಲ್ ಜೊತೆಗಿನ ಮೊಕದ್ದಮೆಯಲ್ಲಿ ಬಯಲಾಯಿತು.

ಪರರ ವೇಷಗಳನ್ನು ಎರವಲು ತರುವ ಪರಿಪಾಠವೂ ಬೇಗ ಬೆಳೆಯಿತು. 2018ರ ಮೇನಲ್ಲಿ ಮಾರ್ವೆಲ್‌ನ ಥ್ಯಾನೋಸ್ ಬಂದ, ನವೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಗಳ ಸಮವಸ್ತ್ರ ಬಂತು. 2020ರ ಡಿಸೆಂಬರ್‌ನಲ್ಲಿ ಸೋನಿಯ ಕ್ರೇಟೋಸ್ ಮತ್ತು ಮೈಕ್ರೋಸಾಫ್ಟ್‌ನ ಮಾಸ್ಟರ್ ಚೀಫ್ ಒಂದೇ ಅಂಗಳದಲ್ಲಿ ಕುಣಿದರು. ಕೋಕ್ ಮತ್ತು ಪೆಪ್ಸಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ.

ನನ್ನ ಕಸುಬಿನ ಕಣ್ಣಿಗೆ ಇದರ ಲೆಕ್ಕವೂ ವಿಚಿತ್ರ. ನೀವು ಡಾಲರ್ ಕೊಟ್ಟು ವಿ-ಬಕ್ಸ್ ಎಂಬ ಆಟದ ನಾಣ್ಯ ಕೊಳ್ಳುತ್ತೀರಿ, ಆ ನಾಣ್ಯದಿಂದ ವೇಷ. ಇಂಥ ವ್ಯಾಪಾರದಲ್ಲಿ, ಖರ್ಚಾಗದ ನಾಣ್ಯ ಕಂಪನಿಯ ಪುಸ್ತಕದಲ್ಲಿ ಹೊಣೆ. ವೇಷ ಕೊಂಡ ಮೇಲೂ ದುಡ್ಡನ್ನು ಒಮ್ಮೆಗೇ ವರಮಾನವೆಂದು ತೋರಿಸುವಂತಿಲ್ಲ. ಗಿರಾಕಿ ಸರಾಸರಿ ಎಷ್ಟು ತಿಂಗಳು ಆಡಿಯಾನು ಎಂದು ಅಂದಾಜಿಸಿ, ಅಷ್ಟು ಕಾಲಕ್ಕೆ ಹಂಚಿ ಬರೆಯುವುದು ರೂಢಿ. ಅಂದರೆ ಮಕ್ಕಳು ಒಂದು ಆಟಕ್ಕೆ ಎಷ್ಟು ಕಾಲ ಅಂಟಿಕೊಂಡಿರುತ್ತಾರೆಂಬುದಕ್ಕೂ ಯಾರದೋ ಪುಸ್ತಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಕೊಂಡವನ ಕಡೆ ಆಸ್ತಿಯ ಕಲಮಿಗೆ ಬರೆಯಲು ಏನೂ ಇಲ್ಲ. ಅವನಿಗೆ ಸಿಕ್ಕಿದ್ದು ಬಳಸುವ ಪರವಾನಗಿ ಅಷ್ಟೆ.

ಸರ್ಕಾರವೂ ಇದರತ್ತ ಕಣ್ಣು ಹಾಯಿಸಿತು. ವಾಷಿಂಗ್ಟನ್‌ನ ಫೆಡರಲ್ ಟ್ರೇಡ್ ಕಮಿಷನ್, ಮಕ್ಕಳ ಖಾಸಗಿ ಮಾಹಿತಿ ಸಂಗ್ರಹಿಸಿದ್ದು, ಗೊಂದಲದ ಬಟನ್‌ಗಳಿಂದ ಬೇಡದ ಖರೀದಿ ಆಗಿಸಿದ್ದು ಎಂಬ ಆರೋಪಗಳನ್ನು ಎಪಿಕ್ ಮೇಲೆ ಹೊರಿಸಿತು. 2022ರ ಡಿಸೆಂಬರ್‌ನಲ್ಲಿ 52 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರಳಿಸಲು. ಮೊದಲ ಕಂತಿನ ಚೆಕ್ಕುಗಳು 2024ರ ಡಿಸೆಂಬರ್‌ನಲ್ಲಿ ಹೊರಟವು.

ಆದರೆ ನನ್ನ ಮನೆಯ ಲೆಕ್ಕ ಯಾವ ಆಯೋಗದ ವ್ಯಾಪ್ತಿಗೂ ಬರುವಂಥದ್ದಲ್ಲ. 2020ರ ಆ ವರ್ಷ ಶಾಲೆ ಮುಚ್ಚಿತ್ತು. ಹತ್ತು ವರ್ಷದ ಮಗನಿಗೆ ಗೆಳೆಯರು ಸಿಗುತ್ತಿದ್ದುದು ಆಟದೊಳಗೆ ಮಾತ್ರ. ಒಂದು ಸಂಜೆ ನನ್ನ ಮೇಜಿನ ಪಕ್ಕ ಬಂದು ನಿಂತ.

"ಅಪ್ಪಾ, ಎಲ್ಲರೂ ನನ್ನ ಡಿಫಾಲ್ಟ್ ಅಂತಾರೆ."

ನಮ್ಮ ವೃತ್ತಿಯಲ್ಲಿ ಡಿಫಾಲ್ಟ್ ಎಂದರೆ ಸಾಲ ತೀರಿಸದೆ ಉಳಿಸಿಕೊಳ್ಳುವುದು. ನನಗೆ ನಗು ಬಂತು. ಅವರ ಲೋಕದಲ್ಲಿ, ದುಡ್ಡು ಕೊಟ್ಟು ವೇಷ ಕೊಳ್ಳದೆ, ಆಟವೇ ಪುಕ್ಕಟೆ ಕೊಟ್ಟ ರೂಪದಲ್ಲಿ ಓಡಾಡುವವನು ಡಿಫಾಲ್ಟ್. ಅವನು ಕೇಳಿದ್ದು 7 ಡಾಲರ್ 99 ಸೆಂಟ್. ನಾನು ಕೊಟ್ಟಿದ್ದು ಅರ್ಧ ಗಂಟೆಯ ಉಪನ್ಯಾಸ: ಆಸ್ತಿ ಯಾವುದು, ಖರ್ಚು ಯಾವುದು, ದಾವಣಗೆರೆಯಲ್ಲಿ ಎರಡೇ ಪ್ಯಾಂಟಿನಲ್ಲಿ ನಾನು ಬಿ.ಕಾಂ. ಮುಗಿಸಿದ್ದು ಹೇಗೆ. ಅವನು ತಲೆಯಾಡಿಸಿ ಹೋದ. ಮತ್ತೆ ಕೇಳಲಿಲ್ಲ. ಆ ಎರಡು ಪ್ಯಾಂಟಿನಲ್ಲಿ ಕಾಲೇಜಿನ ಗೇಟು ದಾಟುವಾಗ ನನಗೆಷ್ಟು ನಾಚಿಕೆಯಾಗುತ್ತಿತ್ತು ಎಂಬುದನ್ನು ಮಾತ್ರ ನಾನು ಅವನಿಗೆ ಹೇಳಲಿಲ್ಲ.

ಟಿ-60 ಬಂದಾಗ ಅವನಿಗೆ ಹದಿನಾಲ್ಕು. ನಮ್ಮ ರಾಕ್‌ವಿಲ್‌ನವರದ್ದು ಎಂಬ ಅಭಿಮಾನವೋ, ಹಳೆಯ ಬಾಕಿಯೋ, ನಾನಾಗಿಯೇ ಕೇಳಿದೆ: "ಕೊಡಿಸಲೇನೋ?"

ಅವನು ಫೋನಿನಿಂದ ತಲೆ ಎತ್ತಿದ. "ಬೇಡಪ್ಪ. ನಮ್ಮ ಹುಡುಗರು ಯಾರೂ ಈಗ ಅದನ್ನ ಆಡಲ್ಲ. ಹಾಕ್ಕೊಂಡು ಯಾರಿಗೆ ತೋರಿಸಲಿ?"

2020ರಲ್ಲಿ ಎಂಟು ಡಾಲರ್ ಉಳಿಸಿದೆನೆಂದು ನಾನು ಬರೆದುಕೊಂಡಿದ್ದೆ. ಆ ನಮೂದನ್ನು ಈಗ ತಿದ್ದಬೇಕು. ಡಿಫಾಲ್ಟ್ ಆದವನು ಅವನಲ್ಲ.