‘ಸರ್ವರ್ ಡೌನ್’ ನಿಜವೇ? ಉತ್ತರ ಹೇಳುವ ಸ್ಟೇಟಸ್ ಪೇಜ್ ನಾವೇ ಮಾಡಿಕೊಳ್ಳುವುದು ಹೇಗೆ?

‘ಸರ್ವರ್ ಡೌನ್ ಆಗಿದೆ, ಇವತ್ತು ಯಾರೂ ಬರಬೇಡಿ’ ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಯಾವ ಸರ್ವರ್, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಅದರಲ್ಲಿ ಇರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ನಿಜವಾಗಿದ್ದ ಮಾತು ಮಧ್ಯಾಹ್ನಕ್ಕೆ ಸುಳ್ಳಾಗಿರಬಹುದು. ಮೆಸೇಜ್ ಮಾತ್ರ ಸಂಜೆವರೆಗೂ ಓಡಾಡುತ್ತದೆ. ಅದನ್ನು ನಂಬಿದವರು ಅರ್ಜಿಯ ಕೊನೆಯ ದಿನ ತಪ್ಪಿಸಿಕೊಳ್ಳುತ್ತಾರೆ. ನಂಬದವರು ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ ಹತ್ತಿ ಬಳ್ಳಾರಿಗೆ ಬಂದು, ಸರ್ವರ್ ನಿಜಕ್ಕೂ ಕೆಟ್ಟಿದ್ದರೆ ಒಂದು ದಿನದ ಕೂಲಿ ಕಳೆದುಕೊಂಡು ಬರಿಗೈಲಿ ಮರಳುತ್ತಾರೆ.

ಸರ್ವರ್ ಕೈಕೊಡುವುದು ಸುಳ್ಳಲ್ಲ. 2025ರ ಏಪ್ರಿಲ್ 12ರಂದು ದೇಶದ ಹಲವೆಡೆ ಯುಪಿಐ ಪಾವತಿಗೆ ತೊಂದರೆಯಾಗಿ, ಅದೇ ದಿನ ಸರಿಹೋಯಿತು. ಹಾಗಾದರೆ ಈ ಕ್ಷಣದ ಸ್ಥಿತಿ ತಿಳಿಯುವುದು ಹೇಗೆ? ಅದಕ್ಕೇ ಸ್ಟೇಟಸ್ ಪೇಜ್ ಇರುವುದು.

ಸ್ಟೇಟಸ್ ಪೇಜ್ ಎಂದರೇನು?

ಒಂದು ಆನ್‌ಲೈನ್ ಸೇವೆ ನಡೆಯುತ್ತಿದೆಯೇ, ನಿಂತಿದೆಯೇ ಎಂದು ತೋರಿಸುವ ಪುಟ ಇದು. ಹಿಂದೆ ಇರುವ ಸಾಫ್ಟ್‌ವೇರ್ ನಿಮಿಷಕ್ಕೊಮ್ಮೆ ಸೇವೆಯ ಬಾಗಿಲು ತಟ್ಟುತ್ತದೆ. ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು. ಫಾರ್ವರ್ಡ್‌ನಲ್ಲಿ ಇಲ್ಲದ ಸಮಯ ಇಲ್ಲಿ ದಾಖಲಾಗುತ್ತದೆ.

ಯಾರು, ಹೇಗೆ ಮಾಡಬಹುದು?

ಸ್ವಂತ ವೆಬ್‌ಸೈಟ್ ನಡೆಸುವ ಸಹಕಾರ ಸಂಘ, ಕಾಲೇಜು, ಕೋಚಿಂಗ್ ಸೆಂಟರ್ ಯಾರಾದರೂ ಮಾಡಿಕೊಳ್ಳಬಹುದು. 2021ರಲ್ಲಿ ಹೊರಬಂದ ‘ಅಪ್‌ಟೈಮ್ ಕುಮಾ’ ಎಂಬ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ಇದಕ್ಕೆ ಸಾಕು.

1. ಒಂದು ಸಣ್ಣ ಲಿನಕ್ಸ್ ಸರ್ವರ್ ಬಾಡಿಗೆಗೆ ಪಡೆದು, ಅದರಲ್ಲಿ ಡಾಕರ್ ಹಾಕಿ, ಅದರ ಮೂಲಕ ಕುಮಾ ಇನ್‌ಸ್ಟಾಲ್ ಮಾಡಿ. ಡೇಟಾ ಉಳಿಯುವ ಫೋಲ್ಡರ್ ಬೇರೆಯಾಗಿ ಜೋಡಿಸಿ. ಇಲ್ಲದಿದ್ದರೆ ಅಪ್‌ಡೇಟ್ ಮಾಡುವಾಗ ಹಳೆಯ ದಾಖಲೆ ಅಳಿಸಿಹೋಗಬಹುದು.
2. ಬ್ರೌಸರ್‌ನಲ್ಲಿ ಸರ್ವರ್ ವಿಳಾಸದ ಜೊತೆ 3001 ಪೋರ್ಟ್ ತೆರೆದು, ತಕ್ಷಣ ಅಡ್ಮಿನ್ ಖಾತೆಗೆ ಗಟ್ಟಿಯಾದ ಪಾಸ್‌ವರ್ಡ್ ಇಡಿ. ಜನರಿಗೆ ಕೊಡುವ ಮೊದಲು ಎಚ್‌ಟಿಟಿಪಿಎಸ್ ಹಾಕಿಸಿ.
3. ನಿಮ್ಮ ವೆಬ್‌ಸೈಟ್ ವಿಳಾಸ ಸೇರಿಸಿ. 60 ಸೆಕೆಂಡಿಗೊಮ್ಮೆ ಪರೀಕ್ಷಿಸಿದರೆ ಸಾಕು. ಒಮ್ಮೆ ಉತ್ತರ ಬಾರದ ಮಾತ್ರಕ್ಕೆ ಕೆಂಪು ತೋರಿಸದಂತೆ ಎರಡು ಮೂರು ಮರುಪ್ರಯತ್ನ ಇಡಿ.
4. ‘ಕೀವರ್ಡ್’ ಪರೀಕ್ಷೆ ಆರಿಸಿ. ಒಳಗೆ ಡೇಟಾಬೇಸ್ ಕೆಟ್ಟಿದ್ದರೂ ಪುಟ ತೆರೆದುಕೊಳ್ಳಬಹುದು. ಪುಟದಲ್ಲಿ ಇರಲೇಬೇಕಾದ ಪದವೊಂದನ್ನು ಹುಡುಕಿಸಿದರೆ ಆ ಮೋಸ ಬಯಲಾಗುತ್ತದೆ.
5. ಸ್ಟೇಟಸ್ ಪೇಜ್ ಸೃಷ್ಟಿಸಿ ಲಿಂಕ್ ಹಂಚಿ. ನೋಡುವವರಿಗೆ ಲಾಗಿನ್ ಬೇಡ. ಕೆಟ್ಟಾಗ ‘ಏನಾಗಿದೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ’ ಎಂದು ಎರಡು ಸಾಲು ಕನ್ನಡದಲ್ಲಿ ಬರೆಯಿರಿ.

ಬೇರೆಯವರ ಸರ್ವರ್ ಅನ್ನು ಅನುಮತಿಯಿಲ್ಲದೆ ಹೀಗೆ ಪದೇ ಪದೇ ತಟ್ಟಬೇಡಿ.

ಎರಡನ್ನೂ ಒಂದೇ ಕಡೆ ಇಡಬೇಡಿ

ಇದೇ ಎಲ್ಲಕ್ಕಿಂತ ಮುಖ್ಯ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಕ್ಲೌಡ್ ಸಂಗ್ರಹ ಸೇವೆ ‘ಎಸ್3’ ನಿಂತುಹೋಯಿತು. ಸಿಬ್ಬಂದಿಯೊಬ್ಬರು ಕಮಾಂಡ್ ತಪ್ಪಾಗಿ ಕೊಟ್ಟಿದ್ದೇ ಕಾರಣ. ಸ್ಥಿತಿ ತೋರಿಸುವ ಪುಟವೂ ಎಸ್3ಯನ್ನೇ ನಂಬಿಕೊಂಡಿದ್ದರಿಂದ ಅದನ್ನು ಬದಲಿಸಲಾಗಲಿಲ್ಲ. ಅಮೆಜಾನ್ ಟ್ವಿಟರ್‌ನಲ್ಲಿ ವಿಷಯ ತಿಳಿಸಬೇಕಾಯಿತು. ಅಷ್ಟು ದೊಡ್ಡ ಕಂಪನಿಯಲ್ಲೇ ದೀಪದ ಬುಡದಲ್ಲಿ ಕತ್ತಲೆ! ಸೇವೆ ಮತ್ತು ಸ್ಟೇಟಸ್ ಪೇಜ್ ಎರಡೂ ಬಳ್ಳಾರಿಯ ಒಂದೇ ಅಂಗಡಿಯ ಕಂಪ್ಯೂಟರಿನಲ್ಲಿದ್ದರೆ, ಕರೆಂಟ್ ಹೋದಾಗ ಎರಡೂ ಒಟ್ಟಿಗೇ ಆರಿಹೋಗುತ್ತವೆ. ಆದ್ದರಿಂದ ಪೇಜ್ ಬೇರೆ ಕಂಪನಿಯ ಸರ್ವರಿನಲ್ಲಿರಲಿ.

ಹಸಿರು ಎಂದರೆ ಎಲ್ಲವೂ ಸರಿಯೇ?

ಅಲ್ಲ. ಆ ಸಾಫ್ಟ್‌ವೇರ್ ತಾನಿರುವ ಜಾಗದಿಂದ ಮಾತ್ರ ನೋಡುತ್ತದೆ. ಸಿರುಗುಪ್ಪದಲ್ಲಿ ನಿಮ್ಮ ಮೊಬೈಲ್ ನೆಟ್‌ವರ್ಕ್ ಕೆಟ್ಟಿದ್ದರೂ ಪೇಜ್ ಹಸಿರಾಗಿಯೇ ಇರಬಹುದು. ಹಾಗಾದಾಗ ಬೇರೆ ಕಂಪನಿಯ ಸಿಮ್ ಅಥವಾ ವೈಫೈನಿಂದ ಒಮ್ಮೆ ಪರೀಕ್ಷಿಸಿ.

ಫಾರ್ವರ್ಡ್ ಮಾಡುವ ಮೊದಲು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇದೆ. ಸ್ಟೇಟಸ್ ಪೇಜ್‌ನ ಸ್ಕ್ರೀನ್‌ಶಾಟ್ ಕೂಡ ಒಂದು ಗಂಟೆಯಲ್ಲಿ ಹಳೆಯದಾಗುತ್ತದೆ. ಅದರ ಬದಲು ಲಿಂಕ್ ಕಳಿಸಿ, ತೆರೆದವರಿಗೆ ಆ ಹೊತ್ತಿನ ಸ್ಥಿತಿ ಕಾಣುತ್ತದೆ. ಲಿಂಕ್ ಇಲ್ಲದಿದ್ದರೆ ಕನಿಷ್ಠ ‘ಯಾವ ಸೇವೆ, ಎಷ್ಟು ಗಂಟೆಗೆ ನೋಡಿದ್ದು’ ಎಂದು ಸೇರಿಸಿ. ಅದೂ ಗೊತ್ತಿಲ್ಲದಿದ್ದರೆ ಆ ಮೆಸೇಜ್ ನಿಮ್ಮ ಫೋನಿನಲ್ಲೇ ನಿಲ್ಲಲಿ.