ಗೋಗಿಯ ಯುರೇನಿಯಂ, ಮೆಂಡಲೀವನ ಕೋಷ್ಟಕ

ಶಹಾಪುರ ತಾಲ್ಲೂಕಿನ ಗೋಗಿ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿಂದ ಹೆಸರಾದ ಊರು. ಅಲ್ಲಿನ ಸುಣ್ಣಕಲ್ಲು, ಗ್ರಾನೈಟ್‌ಗಳಲ್ಲಿ ಯುರೇನಿಯಂ ಪತ್ತೆಯಾದ ಮೇಲೆ ಊರಿನ ಹೆಸರು ದೂರ ದೂರಕ್ಕೂ ಕೇಳಿಸಿತು. ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಈ ಯುರೇನಿಯಂ ಎರಡು ಬಾರಿ ಜಾಗ ಬದಲಿಸಿದೆ.

1789ರಲ್ಲಿ ಇದನ್ನು ಗುರುತಿಸಿದವನು ಜರ್ಮನಿಯ ಕ್ಲಾಪ್ರೋತ್. ರಷ್ಯದ ಮೆಂಡಲೀವ್ 1869ರಲ್ಲಿ, ಆಗ ಗೊತ್ತಿದ್ದ 63 ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದ. ಒಂದೇ ಗುಣದವು ಒಂದೇ ಸಾಲಿಗೆ ಬಂದವು. ಯುರೇನಿಯಂನ ತೂಕ 116 ಎಂದು ಹಿಡಿದು ಅದನ್ನು ಅಲ್ಯೂಮಿನಿಯಂ ಸಾಲಿನಲ್ಲಿ ಕೂರಿಸಿದ, ಗುಣ ಹೊಂದಲಿಲ್ಲ. ತೂಕದ ಲೆಕ್ಕವೇ ತಪ್ಪಿರಬೇಕೆಂದು ತರ್ಕಿಸಿದ ಆತ 1871ರಲ್ಲಿ ಅದನ್ನು 240 ಎಂದು ತಿದ್ದಿ, ಟಂಗ್‌ಸ್ಟನ್ ಗುಂಪಿಗೆ ಒಯ್ದ. ಇಂದಿನ ಅಳತೆ 238!

ಮೂಲವಸ್ತುವಿನ ಸ್ಥಾನವನ್ನು ನಿರ್ಧರಿಸುವುದು ಪರಮಾಣು ಸಂಖ್ಯೆ, ಅಂದರೆ ಪ್ರೋಟಾನುಗಳ ಎಣಿಕೆ, ಎಂಬುದಕ್ಕೆ 1913ರಲ್ಲಿ ಮೋಸ್ಲಿಯ ಪ್ರಯೋಗಗಳು ಆಧಾರ ಒದಗಿಸಿದವು. ಯುರೇನಿಯಂನದು 92. ಅಮೆರಿಕದ ಸೀಬೋರ್ಗ್ 1945ರಲ್ಲಿ ಅದನ್ನು ಕೋಷ್ಟಕದ ಕೆಳಗಿನ ಆಕ್ಟಿನೈಡ್ ಸಾಲಿಗೆ ಇಳಿಸಿದ. ಈಗ ಕೋಷ್ಟಕದಲ್ಲಿ 7 ಅಡ್ಡಸಾಲು, 18 ಕಂಬಸಾಲುಗಳಲ್ಲಿ 118 ಮೂಲವಸ್ತುಗಳಿವೆ.

ಯುರೇನಿಯಂ ಎಂಥದೆಂದು ಕೋಷ್ಟಕ ಹೇಳೀತು. ಆದರೆ ಗಣಿಯನ್ನು ವಿರೋಧಿಸಿದ ಗೋಗಿಯ ಜನರ ಪ್ರಶ್ನೆ ಬೇರೆ: ಅದನ್ನು ಅಗೆದು ತೆಗೆದರೆ ನಮ್ಮ ಬಾವಿಯ ನೀರು, ಹೊಲಗಳ ಗತಿಯೇನು?