ಬೋಗಿಯ ಬಣ್ಣ ಯಾವುದಕ್ಕೆ ಸಾಕ್ಷಿ? ವಾಗೋಂ-ಲೀ ಬೋಗಿಗಳ ಗುರುತಿನ ಪ್ರಶ್ನೆ

ಯೂರೋಪಿನ ಐಷಾರಾಮಿ ರೈಲುಬೋಗಿಗಳ ಕುರಿತ ಬರಹಗಳಲ್ಲಿ ಒಂದು ಸೂತ್ರ ಬೇರೂರಿದೆ: ವಾಗೋಂ-ಲೀ ಕಂಪನಿಯ ಬೋಗಿ ತೇಗದ ಮೆರುಗಿನಲ್ಲಿದ್ದರೆ 1922ಕ್ಕಿಂತ ಹಿಂದಿನದು, ನೀಲಿ ಮೈಗೆ ಚಿನ್ನದ ಗೆರೆಯಿದ್ದರೆ ಅನಂತರದ್ದು. ಸೂತ್ರಕ್ಕೆ ಆಧಾರವಿದೆ. 1883ರ ಓರಿಯಂಟ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ತೇಗದವು. 1922ರಲ್ಲಿ ಕಲೇ-ಮೆಡಿಟರೇನಿಯನ್ ಎಕ್ಸ್‌ಪ್ರೆಸ್ಸಿಗೆ ಸೇರಿದ ಉಕ್ಕಿನ ಶಯನಬೋಗಿಗಳು ನೀಲಿ. ಆ ರೈಲು ‘ನೀಲಿ ರೈಲು’ ಎನಿಸಿಕೊಂಡದ್ದು ಅವುಗಳಿಂದಲೇ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಕಂಪನಿಯ ಬಣ್ಣದ ಚರಿತ್ರೆಯಿಂದ ಒಂದೊಂದು ಬೋಗಿಯ ಗುರುತನ್ನೂ ನಿರ್ಣಯಿಸುವುದು ಸಲ್ಲದು. 1929ರಲ್ಲಿ ಕೋತ್ ದಜ್ಯೂರ್ ಪುಲ್‌ಮನ್ ಎಕ್ಸ್‌ಪ್ರೆಸ್ಸಿಗಾಗಿ ಕಟ್ಟಿದ, ಗಾಜಿನ ಕಲಾವಿದ ಲಾಲೀಕನ ಅಲಂಕಾರವುಳ್ಳ 4141ನೇ ಬೋಗಿಯನ್ನೇ ನೋಡಬಹುದು. ಹಗಲು ಪ್ರಯಾಣಕ್ಕೆಂದು ಕಟ್ಟಿದ ಪುಲ್‌ಮನ್ ಬೋಗಿಗಳ ಮೇಲುಭಾಗ ಕೆನೆಬಣ್ಣದ್ದಾಗಿತ್ತು. 1982ರಲ್ಲಿ ಆರಂಭವಾದ ವೆನಿಸ್ ಸಿಂಪ್ಲಾನ್ ಓರಿಯಂಟ್ ಎಕ್ಸ್‌ಪ್ರೆಸ್ಸಿನಲ್ಲಿ 4141 ಶಯನಬೋಗಿಗಳಂತೆಯೇ ಪೂರ್ತಿ ನೀಲಿ. ಬಣ್ಣವನ್ನೇ ನಂಬಿದವರಿಗೆ ಅದರ ಹುಟ್ಟಿನ ಜಾತಿಯೇ ತಿಳಿಯದು.

ಬಣ್ಣ ಬದಲಾದರೂ ಸಂಖ್ಯೆ ಸುಳ್ಳಾಡದು ಎಂಬ ಆಕ್ಷೇಪ ಬರಬಹುದು. ಫ್ರಾನ್ಸಿನ ಕಾಂಪಿಯೆನ್ನಿನ ಬೋಗಿ ಇದಕ್ಕೆ ಉತ್ತರ. 1918ರ ಕದನವಿರಾಮಕ್ಕೆ ಸಹಿ ಬಿದ್ದ 2419ನೇ ಭೋಜನಬೋಗಿ ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ನಾಶವಾಯಿತು. 1950ರಿಂದ ಕಾಂಪಿಯೆನ್ನಿನಲ್ಲಿ ನಿಂತಿರುವುದು ಅದೇ ಮಾಲಿಕೆಯ 2439. ಅದರ ಮೈಮೇಲೆ ಬರೆದಿರುವುದು ಮಾತ್ರ 2419. ಇದು ಸ್ಮಾರಕವೆಂದು ತಿಳಿದೇ ಮಾಡಿದ್ದು, ವಂಚನೆಯಲ್ಲ. ಆದರೂ ಸಂಖ್ಯೆಯೂ ಬಣ್ಣದಲ್ಲೇ ಬರೆದದ್ದೆಂಬುದು ಇದರಿಂದ ಸ್ಪಷ್ಟ. ತೇಗದ ಮೆರುಗಾದರೂ ಮರದ ಮೈಗೆ ಸಾಕ್ಷಿಯಲ್ಲವೇ ಎಂದರೆ, ಬ್ರಿಟನ್ನಿನ ಎಲ್‌ಎನ್‌ಇಆರ್ ರೈಲು ಕಂಪನಿ ಉಕ್ಕಿನ ಬೋಗಿಗಳಿಗೂ ತೇಗದ ಎಳೆಗಳನ್ನು ಬಣ್ಣದಲ್ಲಿ ಮೂಡಿಸಿತ್ತು. ಆದ್ದರಿಂದ ಹೊರಮೈಯ ಬರಹ ಮತ್ತು ಬಣ್ಣ, ಬೇರೆ ಪುರಾವೆಯ ಬೆಂಬಲವಿಲ್ಲದಿದ್ದಾಗ, ಬೋಗಿಯ ಕೊನೆಯ ಬಳಿತಕ್ಕೆ ಸಾಕ್ಷಿಯೇ ಹೊರತು ಹುಟ್ಟಿಗಲ್ಲ ಎಂಬುದು ನನ್ನ ವಾದ. ಇದರರ್ಥ ಬಣ್ಣ ನಿರುಪಯುಕ್ತವೆಂದಲ್ಲ. ತಾರೀಖು ಖಚಿತವಿರುವ ಛಾಯಾಚಿತ್ರದಲ್ಲಿ ಅದು ಬೋಗಿಯ ಸೇವಾಕಾಲದ ಒಂದು ಘಟ್ಟವನ್ನು ಹೇಳಬಲ್ಲದು. ಕಪ್ಪು-ಬಿಳುಪು ಚಿತ್ರದಲ್ಲಿ ಆ ಬಲವೂ ತಗ್ಗುತ್ತದೆ.

ಕಿಟಕಿಗಳ ಜೋಡಣೆ, ಅಡಿಚೌಕಟ್ಟು, ಕಾರ್ಖಾನೆಯ ದಾಖಲೆ ಇವು ಹೆಚ್ಚು ನೆಚ್ಚತಕ್ಕವು, ಆದರೆ ಪ್ರಶ್ನಾತೀತವಲ್ಲ. ವಿಕ್ಟೋರಿಯಾ ರಾಣಿಗಾಗಿ 1869ರಲ್ಲಿ ಕಟ್ಟಿದ ಎರಡು ಬೋಗಿಗಳನ್ನು 1895ರಲ್ಲಿ ಒಂದೇ ಅಡಿಚೌಕಟ್ಟಿನ ಮೇಲೆ ಕೂಡಿಸಲಾಯಿತು. ಹೀಗೆ ಕೂಡಿಸಿದ ಬೋಗಿಯ ಹುಟ್ಟಿನ ವರ್ಷ ಯಾವುದೆಂಬುದು ಚರ್ಚೆಗೆ ತೆರೆದೇ ಇದೆ. ಆದ್ದರಿಂದ ವಸ್ತುಸಂಗ್ರಹಾಲಯಗಳು ಕಟ್ಟಿದ, ಮಾರ್ಪಡಿಸಿದ, ಬಣ್ಣ ಬಳಿದ ವರ್ಷಗಳನ್ನು ಫಲಕದಲ್ಲಿ ಬೇರೆಬೇರೆಯಾಗಿ ನಮೂದಿಸಬೇಕು.